ಅಂಗನವಾಡಿ ಮುಚ್ಚಿದ್ದ ಡಿಸೆಂಬರ್

ಮಗಳಿಗೆ ನಾಗಪುರದ ರೈಲ್ವೆಯಲ್ಲಿ ನೌಕರಿ. ಮೊಮ್ಮಗನನ್ನು ಹಗಲು ಹೊತ್ತು ನೋಡಿಕೊಳ್ಳುವವರು ಯಾರು ಎಂಬ ಮಾತು ಬಂದಾಗ ನಾನು ಧಾರವಾಡದ ಮನೆಗೆ ಬೀಗ ಹಾಕಿ ಹೊರಟೆ. ಅವಳು ಅಲ್ಲಿನ ಪಾಳಣಾಘರಗಳನ್ನೆಲ್ಲ, ಅಂದರೆ ಹಗಲು ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರಗಳನ್ನೆಲ್ಲ, ವಿಚಾರಿಸಿದ್ದಳು. ಹತ್ತಿರದ್ದಕ್ಕೆ ಸಂಬಳ ಸಾಲದು, ಸಾಲುವಂಥದ್ದು ಬಲು ದೂರ. ಅಜ್ಜಿ ಇದ್ದ ಮನೆಯ ಪಾಡು ಹೇಗೋ ನಡೆಯುತ್ತದೆ. ಇಲ್ಲದವರ ಪಾಡು ಏನೆಂದು ನನಗೆ ತಿಳಿದದ್ದು ಆ ಚಳಿಗಾಲದಲ್ಲಿ.

ನಾಗಪುರದ ಅಜನಿಯ ನಮ್ಮ ಕ್ವಾರ್ಟರ್ಸಿಗೆ ಪಾತ್ರೆ ತೊಳೆಯಲು ಬರುತ್ತಿದ್ದ ಹೆಣ್ಣುಮಗಳಿಗೆ ನಾಲ್ಕು ವರ್ಷದ ಮಗಳು. ಬೆಳಗ್ಗೆ ಕೂಸನ್ನು ಬಸ್ತಿಯ ಅಂಗನವಾಡಿಗೆ ಬಿಟ್ಟರೆ, ಅದು ಮನೆಗೆ ಬರುವಷ್ಟರಲ್ಲಿ ನಾಲ್ಕೈದು ಮನೆ ಮುಗಿಸುತ್ತಿದ್ದಳು. ಅಲ್ಲಿ ದುಡ್ಡು ಕೊಡಬೇಕಾಗಿರಲಿಲ್ಲ. ಬಿಸಿ ಊಟ, ತೂಕ, ಲಸಿಕೆ, ಆಟ, ಹಾಡು ಎಲ್ಲವೂ ಸಿಗುತ್ತಿತ್ತು.

2023ರ ಡಿಸೆಂಬರ್ 4ರಂದು ಮಹಾರಾಷ್ಟ್ರದ ಅಂಗನವಾಡಿ ಸೇವಿಕೆಯರೂ (ಕಾರ್ಯಕರ್ತೆಯರು) ಮದತನೀಸರೂ (ಸಹಾಯಕಿಯರು) ಮುಷ್ಕರ ಹೂಡಿದರು. ಮರುದಿನ ಆಕೆ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡೇ ಬಂದಳು. ‘ಆಜಿ, ಇವಳು ಮೂಲೆಯಲ್ಲಿ ಸುಮ್ಮನೆ ಕೂತಿರುತ್ತಾಳೆ’ ಅಂದಳು.

ಮೂಲೆಯಲ್ಲಿ ಯಾಕೆ ಕೂರಬೇಕು? ಮೊಮ್ಮಗನ ಜೊತೆ ಚಾಪೆಯ ಮೇಲೆ ಕೂರಿಸಿ ಹುಣಸೆಬೀಜ, ಅವರೆಕಾಳು ಬೆರೆಸಿ ಮುಂದಿಟ್ಟೆ. ಹುಡುಗಿ ಯಾರೂ ಹೇಳದೆ ಎರಡು ಗುಡ್ಡೆ ಮಾಡಿದಳು. ಮರಾಠಿಯಲ್ಲಿ ಹತ್ತರವರೆಗೆ ಎಣಿಸಿದಳು. ಚಪಾತಿ ಕೊಟ್ಟರೆ ಮೊದಲು ಕೈ ತೊಳೆಯಲು ನಲ್ಲಿ ಹುಡುಕಿದಳು. ಒಂದನೇ ಇಯತ್ತೆಯ ಮಕ್ಕಳಿಗೆ ಪಾಠ ಹೇಳಿಯೇ ನಾನು ನಿವೃತ್ತಳಾದವಳು. ಮಗುವನ್ನು ಯಾರೋ ಪ್ರೀತಿಯಿಂದ ತಿದ್ದಿದ್ದಾರೆಂಬುದು ನನಗೆ ನೋಡಿದೊಡನೆ ತಿಳಿಯುತ್ತದೆ.

ಉಳಿದ ಮನೆಗಳಲ್ಲಿ ಮಗುವನ್ನು ಕರೆತರಬೇಡ ಅಂದರಂತೆ. ‘ಇಲ್ಲೇ ಬಿಟ್ಟು ಹೋಗವ್ವಾ’ ಅಂದೆ. ಅಷ್ಟರಲ್ಲಿ ಒಂದು ಮನೆಯವರು ಬೇರೆಯವರನ್ನು ಹಚ್ಚಿಕೊಂಡಿದ್ದರು.

ಡಿಸೆಂಬರ್ 7ರಿಂದ ನಾಗಪುರದಲ್ಲಿ ವಿಧಾನಮಂಡಲದ ಚಳಿಗಾಲದ ಅಧಿವೇಶನ. ಸೇವಿಕೆಯರೂ ಮೋರ್ಚಾ ಹೊರಟರು. ಒಂದು ಸಂಜೆ ಆಕೆಯ ಜೊತೆ ಬಸ್ತಿಗೆ ಹೋದೆ. ಓಣಿಯಲ್ಲಿ ಬೆಂಕಿ ಹಾಕಿ ಸುತ್ತ ಕೂತಿದ್ದರು. ಆ ಹುಡುಗಿಯ ಸೇವಿಕೆಯೂ ಮೋರ್ಚಾದಿಂದ ಬಂದು, ದಣಿದ ಕಾಲು ಚಾಚಿ ಕೂತಿದ್ದಳು. ಸಿಟ್ಟಾಗಬೇಕಿದ್ದ ತಾಯಂದಿರೇ ಅವಳಿಗೆ ಚಹಾ ಕೊಡುತ್ತಿದ್ದರು.

ಅವಳು ಲೆಕ್ಕ ಹೇಳಿದಳು. ಸೇವಿಕೆಗೆ ಆಗ ತಿಂಗಳಿಗೆ 10,000 ರೂಪಾಯಿ, ಮದತನೀಸಳಿಗೆ 5,500. ಅದೂ ಸಂಬಳವಲ್ಲ, ಮಾನಧನ. ಕೇಳಿದ್ದು 26,000. ಇವರಿಗೂ ಗ್ರಾಚ್ಯುಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದ್ದರೂ ಅದಕ್ಕಾಗಿಯೂ ರಸ್ತೆಗಿಳಿಯಬೇಕಾಗಿತ್ತು. ‘ಮಕ್ಕಳ ನೆನಪಾಗುತ್ತದೆ ಆಜಿ. ಆದರೆ ನನ್ನ ಮನೆಯಲ್ಲೂ ಮಕ್ಕಳಿದ್ದಾರಲ್ಲ’ ಅಂದಳು.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಶುರುವಾದಾಗ ನಮ್ಮ ಟಿ. ನರಸೀಪುರವೂ ಅದರಲ್ಲಿತ್ತು ಅಂದೆ. ‘ನಮ್ಮ ಮೇಳಘಾಟಿನ ಧಾರಣಿಯೂ ಇತ್ತು’ ಅಂದಳು ಅವಳು, ಹೆಮ್ಮೆಯಿಂದ. ಅದಕ್ಕೂ ಮೂವತ್ತು ವರ್ಷ ಮೊದಲು, 1945ರಲ್ಲಿ, ಶಿಶುಶಿಕ್ಷಣಕ್ಕೆ ದುಡಿದ ತಾರಾಬಾಯಿ ಮೋಡಕರು ಮಹಾರಾಷ್ಟ್ರದ ಬೋರ್ಡಿಯಲ್ಲಿ ಬಡಮಕ್ಕಳ ಅಂಗಳಕ್ಕೇ ಬಾಲವಾಡಿ ಒಯ್ದದ್ದನ್ನು ಅವಳು ತರಬೇತಿಯಲ್ಲಿ ಕೇಳಿದ್ದಳು. ಆ ದೊಡ್ಡ ಪರಂಪರೆಯ ಭಾರ ಹೊತ್ತವಳು ನನ್ನೆದುರು ಕಾಲು ನೀವಿಕೊಳ್ಳುತ್ತಿದ್ದಳು.

ಜನವರಿ ಕೊನೆಗೆ ಮುಷ್ಕರ ಮುಗಿದು ಹುಡುಗಿ ಅಂಗನವಾಡಿಗೆ ಮರಳಿದಳು. ಅವಳ ತಾಯಿಗೆ ಕಳೆದ ಮನೆ ಮಾತ್ರ ಮತ್ತೆ ಸಿಗಲಿಲ್ಲ.

ಈ ಸಂಗತಿಯನ್ನು ನಾನು ಎಲ್ಲರಿಗೂ ಹೇಳುವುದಕ್ಕೆ ಕಾರಣವಿದೆ. ಮಧ್ಯಾಹ್ನಕ್ಕೇ ಮುಗಿಯುವ ಅಂಗನವಾಡಿ ಸಂಜೆವರೆಗೆ ದುಡಿಯುವ ತಾಯಿಗೆ ಅರ್ಧ ಆಸರೆ ಮಾತ್ರ. ಅಂಗನವಾಡಿಯಲ್ಲೇ ದಿನವಿಡೀ ಕೂಸುಗಳನ್ನು ನೋಡಿಕೊಳ್ಳಲು ಕೇಂದ್ರದ ಪಾಲನಾ ಯೋಜನೆ ಇದೆ, ಕರ್ನಾಟಕದ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳು ತೆರೆದಿವೆ. ಇವು ಪ್ರತಿ ಬಸ್ತಿಗೂ ಬರಬೇಕು. ತಾಯಿಗೆ ಇವು ಪುಕ್ಕಟೆಯಾಗಿರಲಿ. ಆದರೆ ಆ ಪುಕ್ಕಟೆಯ ಬೆಲೆಯನ್ನು ಮಗುವಿಗೆ ಕೈತುತ್ತು ಕೊಡುವ ಇನ್ನೊಬ್ಬ ಬಡ ಹೆಂಗಸು ತೆರುವಂತಾಗಬಾರದು. ಅದನ್ನು ತೆರಬೇಕಾದದ್ದು ಸರ್ಕಾರ, ಅಂದರೆ ನಾವೆಲ್ಲ.