ಕಾರ್ಡಿನ ಗೋತ್ರ

ನಾನು ಜಿಪುಣನಲ್ಲ, ಪಿಂಚಣಿದಾರ. ಇವೆರಡರ ನಡುವಿನ ವ್ಯತ್ಯಾಸ ಅಂಗಡಿಯವರಿಗೆ ತಿಳಿಯದಿದ್ದರೆ ಚಿಂತೆಯಿಲ್ಲ. 38 ವರ್ಷ ಜೊತೆಯಲ್ಲಿ ಬಾಳಿದ ನನ್ನ ಮನೆಯವಳಿಗೂ ತಿಳಿದಿಲ್ಲವೆಂಬುದೇ ನನ್ನ ಕೊರಗು.

ಮಗಳು ಮದುವೆಯಾಗಿ ಪುಣೆಗೆ ಹೋಗುವಾಗ ಬಿಟ್ಟುಹೋದ ಲ್ಯಾಪ್‌ಟಾಪೊಂದು ನಮ್ಮಲ್ಲಿದೆ. 2025ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಮಾಮೂಲು ಬೆಂಬಲ ನಿಂತಿತು. ವಿಂಡೋಸ್ 11 ಈ ಮುದಿ ಯಂತ್ರವನ್ನು ಹತ್ತಿರ ಸೇರಿಸಲಿಲ್ಲ. ನನ್ನ ಸೋದರಳಿಯ ಮೈಸೂರಿನಿಂದ ಬಂದವನು ಅದಕ್ಕೆ ಲಿನಕ್ಸ್ ಹಾಕಿಕೊಟ್ಟ. ಕಾಸು ಕೊಡಬೇಕಾಗಿಲ್ಲವೆಂದು ಕೇಳಿದಾಗಲೇ ನನಗೆ ಲಿನಕ್ಸಿನ ಮೇಲೆ ಗೌರವ ಹುಟ್ಟಿತ್ತು. 1991ರಲ್ಲಿ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಆರಂಭಿಸಿದ್ದನ್ನು ಲೋಕದ ನಾನಾ ಕಡೆಯವರು ಕೂಡಿ ಬೆಳೆಸಿದರೆಂದು ತಿಳಿದ ಮೇಲೆ ಅದು ಇಮ್ಮಡಿಸಿತು. ಆದರೆ ಮರುತಿಂಗಳೇ ಯಂತ್ರದೊಳಗಿನ ವೈಫೈ ಕಾರ್ಡು ಕೆಟ್ಟಿತು.

ಅದೇನು ಮಹಾ ವಿಪತ್ತೆಂದು ನೀವು ಕೇಳಬಹುದು. ನನ್ನ ಹೆಂಡತಿಯ ಕಣ್ಣು ಮಂದ. ಫೋನಿನ ಅಂಗೈಯಗಲದ ಪರದೆಯಲ್ಲಿ ಅವಳಿಗೆ ಯಾರ ಮುಖವೂ ಕಾಣುವುದಿಲ್ಲ. ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪಿನ ಮುಂದೆ ಕುಳಿತರೆ ಮಾತ್ರ ಮೊಮ್ಮಗ ಕಾಣುತ್ತಾನೆ. ವಾರದ ಉಳಿದ ಆರು ದಿನ ಆ ಅರ್ಧ ಗಂಟೆಯ ಸುತ್ತಲೇ ಸುತ್ತುತ್ತಿರುತ್ತವೆ.

ಎಸ್.ಪಿ. ರಸ್ತೆಗೆ ಹೋದೆ. ಯುಎಸ್‌ಬಿ ತೂತಿಗೆ ಸಿಕ್ಕಿಸುವ ಹೆಬ್ಬೆರಳುದ್ದದ ವೈಫೈ ಕಾರ್ಡುಗಳು ಗಾಜಿನ ಕಪಾಟಿನ ತುಂಬ ಇದ್ದವು.

“ಲಿನಕ್ಸಿಗೆ ಆಗುತ್ತೇನಪ್ಪಾ?” ಎಂದೆ.

“ಎಲ್ಲಾದಕ್ಕೂ ಆಗುತ್ತೆ ಸಾರ್, ದೊಡ್ಡ ಕಂಪನೀದು” ಎಂದ.

600 ಹೇಳಿ 450ಕ್ಕೆ ಇಳಿದ. ಗೆದ್ದೆನೆಂದು ಬೀಗುತ್ತ ಮನೆಗೆ ಬಂದೆ. ಕಾರ್ಡು ಸಿಕ್ಕಿಸಿದರೆ ಲ್ಯಾಪ್‌ಟಾಪು ಅದನ್ನು ಪರಿಚಯವಿಲ್ಲದ ನೆಂಟನಂತೆ ಕಂಡಿತು. ಅಳಿಯನಿಗೆ ಫೋನು ಮಾಡಿದೆ.

“ಮಾವ, ಹೆಸರು ನೋಡಿ ತಂದ್ರಾ? ಒಳಗಿನ ಚಿಪ್ ಯಾವುದೂಂತ ಕೇಳಲಿಲ್ವಾ?”

ಆಗ ನನಗೆ ಜ್ಞಾನೋದಯವಾಯಿತು. ಪೆಟ್ಟಿಗೆಯ ಮೇಲಿರುವುದು ಬರೀ ಮನೆತನದ ಹೆಸರು. ಗೋತ್ರವೆಂದರೆ ಒಳಗಿನ ಚಿಪ್. ಎಷ್ಟೋ ಕಂಪನಿಗಳು ಬೇರೆಯವರ ಚಿಪ್ಪನ್ನೇ ಕೊಂಡು ತಮ್ಮ ಹೆಸರಿನ ಪೆಟ್ಟಿಗೆಯಲ್ಲಿಟ್ಟು ಮಾರುತ್ತವೆ. ಒಂದೇ ಮಾಡೆಲಿನಲ್ಲಿ ಮೊದಲ ಆವೃತ್ತಿಗೆ ಒಂದು ಚಿಪ್, ಎರಡನೆಯದಕ್ಕೆ ಮತ್ತೊಂದು ಇರುವುದೂ ಉಂಟು. ಹೊರಗೆ ಕಾಣುವ ವ್ಯತ್ಯಾಸ ಒಂದು ಸಣ್ಣಕ್ಷರದ ಅಂಕಿ ಮಾತ್ರ. ಲಿನಕ್ಸು ಮಾತನಾಡುವುದು ಚಿಪ್ಪಿನೊಡನೆ. ಅವರಿಬ್ಬರ ನಡುವಿನ ದುಭಾಷಿಗೆ ಡ್ರೈವರ್ ಎಂದು ಹೆಸರು. ಆ ದುಭಾಷಿ ಲಿನಕ್ಸಿನ ಕರ್ನೆಲ್ಲಿನಲ್ಲೇ ವಾಸವಾಗಿದ್ದರೆ ಕಾರ್ಡು ಸಿಕ್ಕಿಸಿದೊಡನೆ ಕೆಲಸ ನಡೆಯುತ್ತದೆ. ಇಲ್ಲದಿದ್ದರೆ ಹೊರಗಿನಿಂದ ಕರೆತರಬೇಕು. ಕರೆತರಲು ಇಂಟರ್ನೆಟ್ಟು ಬೇಕು. ಪೆಟ್ಟಿಗೆಯ ಬೀಗದ ಕೈ ಪೆಟ್ಟಿಗೆಯೊಳಗೇ ಇದ್ದಂತೆ!

ಅಳಿಯ ಹೇಳಿಕೊಟ್ಟಂತೆ ಫೋನನ್ನು ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಅದರ ಇಂಟರ್ನೆಟ್ಟಿನಲ್ಲೇ ಡ್ರೈವರನ್ನು ತರಿಸಿ, ಅವನು ಒಂದೊಂದೇ ಅಕ್ಷರ ಹೇಳಿದಂತೆ ಟೈಪು ಮಾಡಿದೆ. ಕಾರ್ಡು ಕಣ್ಣು ಬಿಟ್ಟಿತು. ಎಂಟು ದಿನ ಸುಖವಾಗಿತ್ತು. ಒಂಬತ್ತನೆಯ ದಿನ ಲಿನಕ್ಸು ತನ್ನ ಕರ್ನೆಲ್ಲನ್ನು ಹೊಸತು ಮಾಡಿಕೊಂಡಿತು; ಹಳೆಯ ಕರ್ನೆಲ್ಲಿಗೆಂದು ಹೊಲಿದ ಡ್ರೈವರು ಹೊಸತಕ್ಕೆ ಹಿಡಿಯಲಿಲ್ಲ.

ಅಂದು ಭಾನುವಾರ, ಮೊಮ್ಮಗನ ಹುಟ್ಟುಹಬ್ಬ. ಅಳಿಯನ ಫೋನು ಸಿಗಲಿಲ್ಲ. ಕೊನೆಗೆ ನನ್ನ ಫೋನನ್ನೇ ಅವಳ ಮುಖಕ್ಕೆ ಹಿಡಿದೆ. ಮಗು ಹಾಡಿತು, ಕೇಕು ಕತ್ತರಿಸಿತು. ಅವಳು ನಗುತ್ತಲೇ ಇದ್ದಳು. ಫೋನಿಟ್ಟ ಮೇಲೆ, “ಯಾವ ಬಣ್ಣದ ಅಂಗಿ ಹಾಕಿಕೊಂಡಿದ್ದ?” ಎಂದು ಕೇಳಿದಳು. 450 ರೂಪಾಯಿ ಹೋದದ್ದಕ್ಕೆ ಆಗದ ಸಂಕಟ ಆ ಒಂದು ಪ್ರಶ್ನೆಗೆ ಆಯಿತು.

ಮರುದಿನ ಜಾತಕ ಬರೆದುಕೊಂಡೇ ಹೊರಟೆ. ಅಥೆರೋಸ್ ಎಆರ್ 9271 ಎಂಬ ಚಿಪ್. ಅದರ ಡ್ರೈವರು 2010ರಿಂದ ಕರ್ನೆಲ್ಲಿನಲ್ಲೇ ಇದೆ; ಚಿಪ್ಪಿನೊಳಗೆ ಓಡುವ ಫರ್ಮ್‌ವೇರಿನ ಮೂಲವನ್ನೂ 2013ರಲ್ಲಿ ಬಹಿರಂಗಪಡಿಸಿದ್ದಾರೆ. ದೊಡ್ಡ ಓಟಗಾರನಲ್ಲ: 2.4 ಗಿಗಾಹರ್ಟ್ಸ್ ಒಂದೇ ಅದರ ಹಾದಿ, ಹೇಳಿಕೊಳ್ಳುವ ವೇಗ ಸೆಕೆಂಡಿಗೆ 150 ಮೆಗಾಬಿಟ್. ಮೊಮ್ಮಗನ ಮುಖಕ್ಕೆ ಅಷ್ಟು ಧಾರಾಳ ಸಾಕು. ನಾಲ್ಕು ಅಂಗಡಿ ಸುತ್ತಿದೆ. ಐದನೆಯ ಅಂಗಡಿಯ ಹುಡುಗ ಪೆಟ್ಟಿಗೆ ತಿರುಗಿಸಿ ನೋಡಿ, “ಇದೇ ಇರಬೇಕು ಸಾರ್” ಎಂದ. “ಇರಬೇಕು” ಸಾಲದೆಂದು ಲ್ಯಾಪ್‌ಟಾಪನ್ನು ಚೀಲದಲ್ಲೇ ಹೊತ್ತು ತಂದಿದ್ದೆ. ಅಲ್ಲೇ ಸಿಕ್ಕಿಸಿ, ಯುಎಸ್‌ಬಿ ಸಾಧನಗಳ ಪಟ್ಟಿ ತೋರಿಸುವ ಆಜ್ಞೆ ಕೊಟ್ಟೆ. ಸಾಲಿನಲ್ಲಿ 9271 ಎಂಬ ಅಂಕಿ ಕಂಡಿತು. ಅವನು 650 ಎಂದ. ಚೌಕಾಸಿ ಮಾಡದೆ ಕೊಟ್ಟೆ. ಈ ಸಂಗತಿ ಮನೆಯಲ್ಲಿ ಯಾರೂ ನಂಬಿಲ್ಲ.

ಮೊದಲ ಕಾರ್ಡನ್ನು ಎದುರುಮನೆಯ ಹುಡುಗನಿಗೆ ಕೊಟ್ಟೆ. ಅವನ ವಿಂಡೋಸ್ ಯಂತ್ರದಲ್ಲಿ ಅದು ಸೊಗಸಾಗಿ ಸಂಸಾರ ಮಾಡುತ್ತಿದೆ. ಪಾಪ, ಅದರಲ್ಲೇನೂ ದೋಷವಿರಲಿಲ್ಲ. ವಿಚಾರಿಸದೆ ತಂದವನು ನಾನು.

ಮುಂದಿನ ಭಾನುವಾರ ಪರದೆ ಬೆಳಗಿತು. ನನ್ನ ಹೆಂಡತಿ ಸ್ವಲ್ಪ ಮುಂದಕ್ಕೆ ಬಾಗಿ ನೋಡಿದಳು.

“ಅಯ್ಯೋ, ಮುಂದಿನ ಹಲ್ಲು ಬಿದ್ದಿದೆ! ನನಗೆ ಹೇಳಲೇ ಇಲ್ಲವಲ್ಲ ನೀವು?”

ಹುಟ್ಟುಹಬ್ಬದ ದಿನ ಫೋನು ಹಿಡಿದುಕೊಂಡು ನೋಡುತ್ತಿದ್ದವನು ನಾನೇ. ನನಗೆ ಕಂಡಿರಲಿಲ್ಲ.