ಕೆಂಗಲ್ಲಿನ ಚರ್ಚಿಗೊಂದು ಪ್ರದಕ್ಷಿಣೆ

ಇಂಗ್ಲೆಂಡಿನ ಪಶ್ಚಿಮ ಗಡಿಯ ಹೆರೆಫರ್ಡ್ ಪಟ್ಟಣ ಬಿಟ್ಟು ವೇಲ್ಸ್ ಕಡೆಗೆ ಹದಿನೈದು ಕಿಲೋಮೀಟರಿಗೂ ಕಡಿಮೆ ದಾರಿ ಸವೆಸಿದರೆ ಕಿಲ್‌ಪೆಕ್ ಎಂಬ ಪುಟ್ಟ ಹಳ್ಳಿ. ಒಂದಷ್ಟು ಮನೆಗಳು, ಹುಲ್ಲುಗಾವಲು, ಬೇಲಿ. ಇಂಥ ಊರಿನ ಚರ್ಚನ್ನು ನೋಡಲೆಂದೇ ಜನ ದೂರದಿಂದ ಬರುತ್ತಾರೆ ಎಂದರೆ ಮೊದಲು ನಂಬಿಕೆ ಬರುವುದಿಲ್ಲ. ಎತ್ತರದ ಗೋಪುರವಿಲ್ಲ, ಬಣ್ಣದ ಗಾಜಿನ ಆಡಂಬರವಿಲ್ಲ. ಜನ ಕೂರುವ ಹಜಾರ, ಅದರಾಚೆ ಪಾದ್ರಿಗಳ ಜಾಗ, ಕೊನೆಗೆ ಬಲಿಪೀಠವಿರುವ ಅರೆವೃತ್ತದ ಕೋಣೆ: ಕೆಂಪು ಮರಳುಗಲ್ಲಿನ ಕಟ್ಟಡ ಇಷ್ಟೇ.

ಇದನ್ನು ಕಟ್ಟಿದ್ದು ಸುಮಾರು 1140ರಲ್ಲಿ. ನಾರ್ಮನ್ನರು ಇಂಗ್ಲೆಂಡನ್ನು ಗೆದ್ದು ಆಗಿನ್ನೂ ನೂರು ವರ್ಷವಾಗಿರಲಿಲ್ಲ. ಗಡಿ ಕಾಯಲು ಅವರು ಎಬ್ಬಿಸಿದ ಮಣ್ಣಿನ ದಿಬ್ಬ ಚರ್ಚಿನ ಪಕ್ಕದಲ್ಲೇ ಇದೆ. ಮೇಲಿನ ಕೋಟೆಯಲ್ಲಿ ಉಳಿದಿರುವುದು ಮುರುಕು ಗೋಡೆ ಮಾತ್ರ. ಚರ್ಚಿಗೆ ಮರಿಯಮ್ಮನ ಜೊತೆಗೆ ವೇಲ್ಸಿನ ಪೋಷಕ ಸಂತ ಡೇವಿಡ್‌ನ ಹೆಸರೂ ಇದೆ. ಆಳಿದವರು ನಾರ್ಮನ್ನರಾದರೂ ಗಡಿಯ ಮಣ್ಣಿನ ಭಕ್ತಿ ಹೆಸರಲ್ಲಿ ಉಳಿದುಕೊಂಡಿತು.

ದಕ್ಷಿಣದ ಬಾಗಿಲಿನ ಮುಂದೆ ಕಾಲು ತಾನಾಗಿ ನಿಲ್ಲುತ್ತದೆ. ಬಾಗಿಲ ಮೇಲಿನ ಅರೆಚಂದ್ರಾಕಾರದ ಕಲ್ಲಿನಲ್ಲಿ ಜೀವವೃಕ್ಷ ಕವಲೊಡೆದಿದೆ. ಸುತ್ತಿನ ಕಮಾನಿನ ತುಂಬ ಕೊಕ್ಕಿನ ಮುಖಗಳು, ವಿಚಿತ್ರ ಪ್ರಾಣಿಗಳು. ಬಲಗಡೆಯ ಕಂಬದ ತಲೆಯಲ್ಲೊಂದು ಮುಖ ಬಾಯಿಂದ ಬಳ್ಳಿಯನ್ನು ಉಗುಳುತ್ತಿದೆ. ಎಡಗಂಬದ ಬಳ್ಳಿಗಳ ಸಂದಿಯಲ್ಲಿ ಸಡಿಲ ಷರಾಯಿ ತೊಟ್ಟ ಇಬ್ಬರು ಯೋಧರು ಸಿಕ್ಕಿಕೊಂಡಿದ್ದಾರೆ. ಬಾಗಿಲುವಾಡದ ಅಂಚಿಗೆ ಹಾವುಗಳು ಸುತ್ತಿಕೊಂಡಿವೆ. ಉತ್ತರದ ವೈಕಿಂಗರ ಹೆಣಿಗೆ, ಸೆಲ್ಟಿಕ್ ಸುರುಳಿ, ಫ್ರಾನ್ಸಿನ ಕಮಾನು ಎಲ್ಲವೂ ಒಂದೇ ಉಳಿಯಲ್ಲಿ ಬೆರೆತಿವೆ. ಶಾಬ್‌ಡನ್, ಅರ್ಡ್‌ಸ್ಲಿ ಮೊದಲಾದ ಸುತ್ತಲಿನ ಊರುಗಳಲ್ಲೂ ಇದೇ ಬಗೆಯ ಕೆತ್ತನೆ ಇರುವುದರಿಂದ ವಿದ್ವಾಂಸರು ಇದನ್ನು ಹೆರೆಫರ್ಡ್‌ಶೈರ್ ಶಿಲ್ಪಪಂಥ ಎಂದು ಕರೆದಿದ್ದಾರೆ. ಶಿಲ್ಪಿಗಳ ಹೆಸರು ಮಾತ್ರ ಎಲ್ಲೂ ದಾಖಲಾಗಿಲ್ಲ.

ಆದರೆ ಕಿಲ್‌ಪೆಕ್‌ನ ನಿಜವಾದ ಜೀವ ಇರುವುದು ಮಾಡಿನ ಅಂಚಿನಡಿಯಲ್ಲಿ. ಗೋಡೆಯಿಂದ ಹೊರಚಾಚಿದ ಕಲ್ಲುಗಳು ಕಟ್ಟಡವನ್ನು ಸುತ್ತುವರಿದಿವೆ; ಈಗ ಉಳಿದಿರುವವು 85. ಒಂದೊಂದರಲ್ಲೂ ಒಂದೊಂದು ರೂಪ. ನಾಯಿಯೂ ಮೊಲವೂ ಹಳೆಯ ಗೆಳೆಯರಂತೆ ಒತ್ತಾಗಿ ಕೂತಿವೆ. ಟಗರು, ಹಂದಿ, ಹಕ್ಕಿ, ಮನುಷ್ಯರನ್ನು ಬಾಯಲ್ಲಿ ಕಚ್ಚಿ ಹಿಡಿದ ಮೃಗ, ವಾದ್ಯ ನುಡಿಸುವವನು. ಇವರ ನಡುವೆ ಎರಡೂ ಕೈಗಳಿಂದ ತನ್ನ ಯೋನಿಯನ್ನು ತೆರೆದು ತೋರುವ ಹೆಣ್ಣು. ಇಂಥ ಮೂರ್ತಿಗಳಿಗೆ ‘ಶೀಲಾ ನ ಗಿಗ್’ ಎಂದು ಹೆಸರು. ಕಾಮದ ವಿರುದ್ಧ ಎಚ್ಚರಿಕೆ ಎಂದು ಕೆಲವರು, ಫಲವಂತಿಕೆಯ ಗುರುತು ಎಂದು ಕೆಲವರು, ಕೆಟ್ಟ ದೃಷ್ಟಿ ತಡೆಯುವ ರೂಪ ಎಂದು ಇನ್ನು ಕೆಲವರು ಹೇಳುತ್ತಾರೆ. ಎಂಟುನೂರೈವತ್ತಕ್ಕೂ ಹೆಚ್ಚು ವರ್ಷದ ಮಳೆಗಾಳಿಗೆ ಒಡ್ಡಿಕೊಂಡೂ ಅವಳ ಬಟ್ಟಲುಗಣ್ಣು ಮಾಸಿಲ್ಲ.

ಒಳಗೆ ಗಲಾಟೆ ಇಳಿಯುತ್ತದೆ. ಬಲಿಪೀಠದ ಕಡೆಯ ಕಮಾನಿನ ಎರಡೂ ಬದಿಗೆ ಸಂತರು ಒಬ್ಬರ ತಲೆಯ ಮೇಲೊಬ್ಬರಂತೆ ನಿಂತಿದ್ದಾರೆ. ಕೀಲಿಕೈ ಹಿಡಿದವನು ಪೇತ್ರ. ಅಲ್ಲೂ ತುಂಟತನ ಪೂರ್ತಿ ಅಡಗಿಲ್ಲ: ಪವಿತ್ರ ಜಲದ ಕಲ್ಲುಬೋಗುಣಿಯನ್ನು ಎರಡು ಕೈಗಳು ಉಬ್ಬಿದ ಹೊಟ್ಟೆಯನ್ನು ಹಿಡಿದಂತೆ ತಬ್ಬಿಕೊಂಡಿವೆ.

ಮಧ್ಯಯುಗದ ಭಕ್ತಿ ಎಂದರೆ ಬರೀ ಬಿಗಿದ ಮುಖ ಎಂದುಕೊಂಡವರಿಗೆ ಕಿಲ್‌ಪೆಕ್ ಒಳ್ಳೆಯ ಉತ್ತರ. ಇಲ್ಲಿ ಭಯ, ನಗು, ಕಾಮ, ಬೇಟೆ ಯಾವುದನ್ನೂ ಚರ್ಚಿನಿಂದ ದೂರವಿಟ್ಟಿಲ್ಲ. ಮಾಡಿನಡಿಯಲ್ಲೇ ಜಾಗ ಕೊಟ್ಟಿದ್ದಾರೆ. ಹೆರೆಫರ್ಡ್ ಕೆಥೆಡ್ರಲ್‌ನಲ್ಲಿರುವ, ಸುಮಾರು 1300ರ ಪ್ರಸಿದ್ಧ ಜಗತ್ತಿನ ನಕಾಶೆ ನೋಡಲು ಹೋಗುವವರು ಇನ್ನರ್ಧ ದಿನ ಈ ಹಳ್ಳಿಗೂ ಎತ್ತಿಡಬೇಕು. ಜೊತೆಗೊಂದು ದುರ್ಬೀನು ಇರಲಿ. ಮೊದಲು ಹೊರಗೆ ಒಂದು ಸುತ್ತು ನಿಧಾನವಾಗಿ ಹಾಕಿ, ಆಮೇಲೆ ಒಳಗೆ ಹೋಗಿ.