ಲಾಗಿನ ಸಾಲು ನೆಟ್ಟಗಿರಲಿ

ಈ ವಾರ ಹೊಸ ಸರ್ವರೊಂದರ ಲಾಗ್ ಸೆಟ್ಟಿಂಗು ಬರೆಯುವ ಕೆಲಸ ಕೇಳಿ ಪಡೆದೆ. ಮುಂದೆ ಎಂಜಿನ್‌ಎಕ್ಸ್, ನಡುವೆ ನಮ್ಮ ಅಪ್ಲಿಕೇಶನ್, ಹಿಂದೆ ಪೋಸ್ಟ್‌ಗ್ರೆಸ್. ಹೆಚ್ಚಿನವರು ಹಳೆಯ ಸರ್ವರಿನ ಫೈಲನ್ನೇ ನಕಲು ಹೊಡೆದು ಐದು ನಿಮಿಷದಲ್ಲಿ ಮುಗಿಸುವ ಕೆಲಸ ಇದು. ನನಗೆ ಇದಕ್ಕೆ ಒಂದಿಡೀ ದಿನ ಬೇಕು. ಖಾಲಿ ಕಾನ್ಫಿಗ್ ಫೈಲಿನ ಮುಂದೆ ಕೂತು, ಈ ಯಂತ್ರ ನಾಳೆ ಏನೇನು ಹೇಳಬೇಕು, ಏನೇನು ಹೇಳಬಾರದು ಅಂತ ಒಂದೊಂದಾಗಿ ತೀರ್ಮಾನಿಸುತ್ತ ಹೋಗುವುದರಲ್ಲಿ ಇರುವ ಸುಖ ನನಗೆ ಕೋಡ್ ಬರೆಯುವುದರಲ್ಲೂ ಸಿಕ್ಕಿಲ್ಲ.

ಎಂಜಿನ್‌ಎಕ್ಸ್ ತಾನಾಗಿ ಬರೆಯುವ 'ಕಂಬೈನ್ಡ್' ಸಾಲಿನಲ್ಲಿ ಯಾವ ಐಪಿಯಿಂದ ಬಂದರು, ಏನು ಕೇಳಿದರು, ಯಾವ ಸ್ಟೇಟಸ್ ಹೋಯಿತು ಎಲ್ಲವೂ ಇರುತ್ತದೆ. ಎಷ್ಟು ಹೊತ್ತು ಹಿಡಿಯಿತು ಎಂಬುದು ಮಾತ್ರ ಇರುವುದಿಲ್ಲ. ಹಾಗಾಗಿ ನಾನು ಮೊದಲು ಸೇರಿಸುವುದು ಎರಡು ಸಂಖ್ಯೆ: ರಿಕ್ವೆಸ್ಟ್ ಟೈಮ್ ಮತ್ತು ಅಪ್‌ಸ್ಟ್ರೀಮ್ ರೆಸ್ಪಾನ್ಸ್ ಟೈಮ್. ಬಳಕೆದಾರನ ಮೊದಲ ಬೈಟ್ ಬಂದಾಗಿನಿಂದ ಉತ್ತರದ ಕೊನೆಯ ಬೈಟ್ ಕಳಿಸಿ ಸಾಲು ಬರೆಯುವ ತನಕ ಮೊದಲನೆಯದು ಎಣಿಸುತ್ತದೆ. ಹಿಂದಿರುವ ಅಪ್ಲಿಕೇಶನ್ ಎಷ್ಟು ಹೊತ್ತು ತೆಗೆದುಕೊಂಡಿತು ಅಂತ ಎರಡನೆಯದು ಹೇಳುತ್ತದೆ. ಹೊಸ ಸೆಟ್ಟಿಂಗು ಚಾಲೂ ಆದ ಮಧ್ಯಾಹ್ನವೇ ಫೋಟೊ ಅಪ್‌ಲೋಡಿನ ಒಂದು ಸಾಲು ಕಂಡಿತು: 14.212, ಪಕ್ಕದಲ್ಲಿ 0.083. ಹದಿನಾಲ್ಕು ಸೆಕೆಂಡು ಕಾದ ಬಳಕೆದಾರನಿಗೆ ನಮ್ಮ ಕೋಡ್ ಒಂದು ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಉತ್ತರ ಕೊಟ್ಟಿದೆ. ಮಿಕ್ಕ ಹೊತ್ತೆಲ್ಲ ಅವನ ಫೋಟೊ ದುರ್ಬಲ ನೆಟ್‌ವರ್ಕಿನಲ್ಲಿ ತೆವಳಿಕೊಂಡು ಬಂದಿದೆ. ಇನ್ನೊಂದು ಸಾಲಿನಲ್ಲಿ 60.001, 60.000, ಸ್ಟೇಟಸ್ 504. ಅಲ್ಲಿ ತಪ್ಪು ನೆಟ್‌ವರ್ಕಿನದಲ್ಲ: ಎಂಜಿನ್‌ಎಕ್ಸ್ ತನ್ನ ಮಾಮೂಲಿ 60 ಸೆಕೆಂಡು ಪೂರ್ತಿ ಕಾದು ಕೈಚೆಲ್ಲಿದೆ. ಅಕ್ಕಪಕ್ಕ ಕೂತ ಎರಡೇ ಸಂಖ್ಯೆ, ಯಾರ ಮನೆಯ ಕಡೆ ಹೋಗಿ ಹುಡುಕಬೇಕು ಅಂತ ತೋರಿಸಿಬಿಡುತ್ತವೆ.

ಇದಕ್ಕಿಂತ ನನಗೆ ಪ್ರಿಯವಾದದ್ದು ರಿಕ್ವೆಸ್ಟ್ ಐಡಿ. ಎಂಜಿನ್‌ಎಕ್ಸ್ 1.11.0 ಆವೃತ್ತಿಯಿಂದ ಪ್ರತಿ ಕೋರಿಕೆಗೂ 32 ಅಕ್ಷರದ ಒಂದು ಗುರುತನ್ನು ತಾನೇ ಹುಟ್ಟಿಸುತ್ತದೆ. ಅದನ್ನು ಹೆಡರಿನಲ್ಲಿಟ್ಟು ಅಪ್ಲಿಕೇಶನ್ನಿಗೆ ದಾಟಿಸಿ, ಅಲ್ಲಿನ ಪ್ರತಿ ಸಾಲಿಗೂ ಅಂಟಿಸುವುದನ್ನು ಬಹಳ ಜನ ಮಾಡುತ್ತಾರೆ. ಡೇಟಾಬೇಸಿನ ಬಾಗಿಲಲ್ಲಿ ಎಲ್ಲರೂ ನಿಂತುಬಿಡುತ್ತಾರೆ. ನಾನು ಒಳಗೆ ಹೋಗುತ್ತೇನೆ. ಪೋಸ್ಟ್‌ಗ್ರೆಸ್ಸಿನ ಪ್ರತಿ ಸಂಪರ್ಕಕ್ಕೂ 'ಅಪ್ಲಿಕೇಶನ್ ನೇಮ್' ಅಂತ ಒಂದು ಜಾಗ ಇದೆ, ಅದರಲ್ಲಿ 63 ಅಕ್ಷರ ಹಿಡಿಸುತ್ತದೆ. ಟ್ರಾನ್ಸಾಕ್ಷನ್ ಶುರುವಿನಲ್ಲೇ 'ಸೆಟ್ ಲೋಕಲ್' ಹಾಕಿ ಆ 32 ಅಕ್ಷರವನ್ನು ಅಲ್ಲಿ ಕೂರಿಸಿದರೆ, ಟ್ರಾನ್ಸಾಕ್ಷನ್ ಮುಗಿದ ಕೂಡಲೇ ಅದು ತಾನಾಗಿ ಅಳಿಯುತ್ತದೆ, ಮುಂದಿನವರ ಕೋರಿಕೆಗೆ ಅಂಟುವುದಿಲ್ಲ. ಲಾಗ್ ಸಾಲಿನ ಪ್ರಿಫಿಕ್ಸ್‌ನಲ್ಲಿ ಸಮಯ ಮತ್ತು ಪ್ರಾಸೆಸ್ ಸಂಖ್ಯೆ ಮೊದಲೇ ಇರುತ್ತವೆ. ಜೊತೆಗೆ ಈ ಹೆಸರನ್ನೂ ಸೇರಿಸಬೇಕು. ನಿಧಾನದ ಕ್ವೆರಿಗಳನ್ನು ಬರೆಯುವ ಸೆಟ್ಟಿಂಗು ಮೊದಲಿಗೆ -1, ಅಂದರೆ ಬಂದ್ ಆಗಿರುತ್ತದೆ. ಅದನ್ನು ಅರ್ಧ ಸೆಕೆಂಡಿಗೆ ತರಬೇಕು. ಲಾಕಿಗಾಗಿ ಒಂದು ಸೆಕೆಂಡು ದಾಟಿ ಕಾದವರನ್ನು ಬರೆಯುವ ಸೆಟ್ಟಿಂಗನ್ನೂ ಚಾಲೂ ಮಾಡಬೇಕು. ಆಮೇಲೆ ಒಂದೇ ಒಂದು ಗ್ರೆಪ್ ಸಾಕು. ಒಬ್ಬ ಮನುಷ್ಯ ಬಟನ್ ಒತ್ತಿದ ಕ್ಷಣದಿಂದ, ಯಾವ ಟೇಬಲ್ಲಿನ ಯಾವ ಲಾಕಿಗೆ ಅವನ ಕೆಲಸ ಸಿಕ್ಕಿಬಿತ್ತು ಎನ್ನುವ ತನಕ ಇಡೀ ಕಥೆ ಕ್ರಮವಾಗಿ ಪರದೆಯ ಮೇಲೆ ಬಂದು ನಿಲ್ಲುತ್ತದೆ. ಮೊದಲ ಸಲ ಅದು ಹಾಗೆ ಬಂದು ನಿಂತಾಗ ಪಕ್ಕದವರನ್ನು ಕರೆದು ತೋರಿಸದೆ ಇರಲು ಆಗುವುದಿಲ್ಲ.

ಇಷ್ಟು ಆಸ್ಥೆಯಿಂದ ಬರೆಸಿದ ಸಾಲನ್ನು ಕಳೆಯುವವರ ಮೇಲೆ ನನಗೆ ತಕರಾರಿದೆ. ಅವರ ಆಯುಧ ಲಾಗ್‌ರೊಟೇಟಿನ 'ಕಾಪಿಟ್ರಂಕೇಟ್'. ಸರಿಯಾದ ದಾರಿ ಎಲ್ಲರಿಗೂ ಗೊತ್ತಿದೆ: ಹಳೆಯ ಫೈಲಿನ ಹೆಸರು ಬದಲಿಸು, ಹೊಸದನ್ನು ತೆರೆಯಲು ಪ್ರೋಗ್ರಾಮಿಗೆ ಹೇಳು. ಎಂಜಿನ್‌ಎಕ್ಸಿಗಾದರೆ ಯೂಸರ್1 ಸಿಗ್ನಲ್ ಕಳಿಸಿದರೆ ಸಾಕು, ಒಂದು ಸಾಲೂ ಹೋಗುವುದಿಲ್ಲ. ಕಾಪಿಟ್ರಂಕೇಟ್ ಹಾಗಲ್ಲ. ಫೈಲನ್ನು ನಕಲು ಮಾಡಿ, ಮೂಲವನ್ನು ಸೊನ್ನೆಗೆ ಕತ್ತರಿಸುತ್ತದೆ. ನಕಲು ಮುಗಿದು ಕತ್ತರಿ ಬೀಳುವ ನಡುವಿನ ಸಂದಿಯಲ್ಲಿ ಬಂದ ಸಾಲುಗಳು ಎಲ್ಲೂ ಉಳಿಯುವುದಿಲ್ಲ. ಲಾಗ್‌ರೊಟೇಟಿನ ಕೈಪಿಡಿಯೇ ಇದನ್ನು ಒಪ್ಪಿಕೊಂಡಿದೆ. 'ನಾಲ್ಕು ಸಾಲು ಹೋದರೆ ಏನು ಮಹಾ' ಅನ್ನುತ್ತಾರೆ. ಬರೆಯುವ ವೇಗ ಹೆಚ್ಚಿದಷ್ಟೂ ಆ ಸಂದಿಗೆ ಬೀಳುವ ಸಾಲು ಹೆಚ್ಚು, ಮತ್ತು ವೇಗ ಹೆಚ್ಚುವುದು ಸರ್ವರಿಗೆ ಏನೋ ಆಗಿರುವ ಹೊತ್ತಿನಲ್ಲಿ. ಅಂದರೆ ಬೇಕಾದ ದಿನವೇ ಜಾಸ್ತಿ ಕಳೆಯುತ್ತದೆ. ಇನ್ನೊಂದು ಅನಾಹುತವೂ ಇದೆ. ಪ್ರೋಗ್ರಾಮಿನ ಔಟ್‌ಪುಟ್ಟನ್ನು ಅಪೆಂಡ್ ಮೋಡಿನಲ್ಲಿ ತೆರೆಯದೆ ನೇರವಾಗಿ ಫೈಲಿಗೆ ತಿರುಗಿಸಿದ್ದರೆ, ಕತ್ತರಿಸಿದ ಮೇಲೂ ಅದು ತನ್ನ ಹಳೆಯ ಜಾಗದಿಂದಲೇ ಬರೆಯುತ್ತದೆ. ಫೈಲಿನ ತಲೆಯ ತುಂಬ ಸೊನ್ನೆ ಬೈಟುಗಳು. ಗ್ರೆಪ್ ಮಾಡಿದರೆ ಸಾಲಿನ ಬದಲು 'ಬೈನರಿ ಫೈಲ್ ಮ್ಯಾಚಸ್' ಅಂತ ಉತ್ತರ ಬರುತ್ತದೆ. ಸಿಗ್ನಲ್ ಕೇಳಿಸಿಕೊಳ್ಳದ ಪ್ರೋಗ್ರಾಮಿಗೆ ಬೇರೆ ದಾರಿ ಇಲ್ಲದಿದ್ದಾಗ ಕಾಪಿಟ್ರಂಕೇಟ್ ಇರಲಿ. ಸಿಗ್ನಲ್ ಕೇಳುವ ಎಂಜಿನ್‌ಎಕ್ಸಿಗೂ ಅದನ್ನೇ ಹಾಕುವುದು ಶುದ್ಧ ಸೋಮಾರಿತನ.

ಕಳೆಯುವವರಿಗಿಂತ ತುಂಬುವವರು ನನಗೆ ಹೆಚ್ಚು ಸಿಟ್ಟು ತರಿಸುತ್ತಾರೆ. ಬಂದ ಕೋರಿಕೆಯ ಒಡಲನ್ನು ಇಡಿಯಾಗಿ ಲಾಗಿಗೆ ಸುರಿದುಬಿಡುವ ಅಭ್ಯಾಸ ಎಷ್ಟೋ ತಂಡಗಳಲ್ಲಿದೆ. 'ಯಾವತ್ತಾದರೂ ಬೇಕಾಗುತ್ತೆ' ಎನ್ನುವುದು ಅವರ ವಾದ. ಆ ಒಡಲಿನಲ್ಲಿ ಪಾಸ್‌ವರ್ಡ್ ಇದೆ, ಓಟಿಪಿ ಇದೆ, ಆಧಾರ್ ಸಂಖ್ಯೆ ಇದೆ, ಯಾರದೋ ಮನೆಯ ವಿಳಾಸ ಇದೆ. 2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ 33 ಕೋಟಿಗೂ ಹೆಚ್ಚು ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸುವ ಬಗ್ಗೆ ಯೋಚಿಸಿ ಎಂದು ಹೇಳಬೇಕಾಯಿತು. ಹ್ಯಾಶ್ ಆಗುವ ಮುಂಚೆಯೇ ಪಾಸ್‌ವರ್ಡುಗಳು ಒಳಗಿನ ಲಾಗ್ ಒಂದರಲ್ಲಿ ಹಾಗೆಹಾಗೇ ಬಿದ್ದಿದ್ದವು. ಅಷ್ಟು ದೊಡ್ಡವರಿಗೆ ಆದದ್ದನ್ನು ಕಂಡ ಮೇಲೂ ಕೋಡ್ ರಿವ್ಯೂಗೆ ಇಂಥ ಸಾಲು ಬರುತ್ತಲೇ ಇದೆ. ನಮ್ಮ ದೇಶದಲ್ಲಿ ಇದರ ಭಾರ ಇನ್ನೂ ಹೆಚ್ಚು. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದ ಪ್ರಕಾರ ಲಾಗುಗಳನ್ನು 180 ದಿನ ಕಾಪಾಡಿ ಇಡಬೇಕು. ಇವತ್ತು ಅಜಾಗರೂಕತೆಯಿಂದ ಬರೆದ ಪಾಸ್‌ವರ್ಡ್ ಆರು ತಿಂಗಳು ಡಿಸ್ಕಿನಲ್ಲಿ, ಬ್ಯಾಕಪ್ಪಿನಲ್ಲಿ, ಲಾಗ್ ನೋಡುವ ಅನುಮತಿ ಇರುವ ಪ್ರತಿಯೊಬ್ಬರ ಕಣ್ಣೆದುರು ಇರುತ್ತದೆ. ನಮ್ಮನ್ನು ನಂಬಿ ತನ್ನ ಸಂಖ್ಯೆ ಬರೆದ ಮನುಷ್ಯನಿಗೆ ಇದು ಗೊತ್ತೇ ಆಗುವುದಿಲ್ಲ. ಇದನ್ನು ಮರೆವು ಅಂತ ಕ್ಷಮಿಸಲು ನಾನು ತಯಾರಿಲ್ಲ.

ಅದೇ ನಿರ್ದೇಶನದಲ್ಲಿ ನನಗೆ ಇಷ್ಟವಾದ ಒಂದು ಮಾತೂ ಇದೆ: ಗಡಿಯಾರಗಳನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಸಮಯಕ್ಕೆ, ಇಲ್ಲವೇ ಅವುಗಳ ಜಾಡು ಹಿಡಿಯುವ ಸರ್ವರುಗಳಿಗೆ, ಹೊಂದಿಸಬೇಕು. ಸಮಯ ತಪ್ಪಿದ ಸಾಲಿನಿಂದ ಉಪಯೋಗವಿಲ್ಲ. ಆದರೂ ಸಿಸ್‌ಲಾಗಿನ ಹಳೆಯ ಪದ್ಧತಿಯಲ್ಲಿ, 2001ರಲ್ಲಿ ಆರ್‌ಎಫ್‌ಸಿ 3164 ದಾಖಲಿಸಿದ ರೂಪದಲ್ಲಿ, ತಿಂಗಳು, ದಿನ, ಗಂಟೆ ಇವೆ, ಇಸವಿಯೇ ಇಲ್ಲ. ಟೈಮ್ ಝೋನ್ ಕೂಡ ಇಲ್ಲ. 2009ರ ಆರ್‌ಎಫ್‌ಸಿ 5424 ಇವೆರಡನ್ನೂ ತಂದಿತು, ಆದರೆ ಹಳೆಯ ರೂಪ ಇಂದಿಗೂ ಎಷ್ಟೋ ಯಂತ್ರಗಳಲ್ಲಿ ಓಡುತ್ತಿದೆ.

ಇಸವಿ ಬಿಟ್ಟ ಬರಹ ಏನು ಮಾಡುತ್ತದೆ ಅಂತ ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಹಲ್ಮಿಡಿ ಶಾಸನದಲ್ಲಿ ಕಾಲ ನಮೂದಾಗಿಲ್ಲ. ಲಿಪಿ, ಭಾಷೆ, ಅರಸರ ಹೆಸರು ನೋಡಿ ಸುಮಾರು ಕ್ರಿ.ಶ. 450 ಎನ್ನುತ್ತಾರೆ, ಚರ್ಚೆ ಇನ್ನೂ ಮುಗಿದಿಲ್ಲ. ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಕೇಶಿಯ ಕೋಟೆಯ ಶಾಸನವಿದೆ. ಅದು ಶಕವರ್ಷ 465 ಎಂದು ನೇರ ಹೇಳುತ್ತದೆ, ಅಂದರೆ ಕ್ರಿ.ಶ. 543. ಆ ಒಂದು ಸಂಖ್ಯೆ ಇತಿಹಾಸಕಾರರಿಗೆ ಚಾಲುಕ್ಯರ ಕಾಲದಲ್ಲಿ ಕಾಲೂರಲು ಗಟ್ಟಿ ನೆಲ ಕೊಟ್ಟಿದೆ. ಬಂಡೆಗೆ ಉಳಿ ಹಿಡಿದು ಕೆತ್ತಿದವರು ವರ್ಷ ಬರೆಯಲು ಬೇಸರ ಪಡಲಿಲ್ಲ.

ವರ್ಷವೊಂದೇ ಸಾಲದು, ಝೋನೂ ಬೇಕು. ಅಪ್ಲಿಕೇಶನ್ ಭಾರತದ ಸಮಯದಲ್ಲೂ ಡೇಟಾಬೇಸ್ ಯುಟಿಸಿಯಲ್ಲೂ ಬರೆದರೆ, ಕೋರಿಕೆ ಬರುವ ಐದೂವರೆ ಗಂಟೆ ಮುಂಚೆಯೇ ಕ್ವೆರಿ ಓಡಿದಂತೆ ಕಾಣುತ್ತದೆ. 'ಐಎಸ್‌ಟಿ' ಅಂತ ಮೂರಕ್ಷರ ಬರೆದು ನಿಶ್ಚಿಂತರಾಗುವ ಹಾಗೂ ಇಲ್ಲ. ಪೋಸ್ಟ್‌ಗ್ರೆಸ್ಸಿನ ಮೂಲ ಪಟ್ಟಿಯಲ್ಲಿ ಐಎಸ್‌ಟಿ ಎಂದರೆ ಇಸ್ರೇಲಿನ ಸಮಯ, ಯುಟಿಸಿಗಿಂತ ಎರಡೇ ಗಂಟೆ ಮುಂದೆ. ಭಾರತದ್ದಕ್ಕೆ ಬೇರೆ ಪಟ್ಟಿ ಆರಿಸಬೇಕು. ಅದಕ್ಕೇ ನನ್ನ ಸರ್ವರುಗಳಲ್ಲಿ ಮೂರು ಕಡೆಯೂ ಯುಟಿಸಿ, ಮಿಲಿಸೆಕೆಂಡಿನ ಸಮೇತ.

ಇದೆಲ್ಲವನ್ನೂ ಶಾಂತಿಯ ದಿನಗಳಲ್ಲೇ ಮಾಡಿಡಬೇಕು. ಸರ್ವರ್ ಬಿದ್ದ ಮೇಲೆ ಬದಲಿಸಿದ ಸೆಟ್ಟಿಂಗು ಕಳೆದ ಗಂಟೆಯ ಬಗ್ಗೆ ಏನೂ ಹೇಳಲಾರದು. ಇವತ್ತು ಸಂಜೆ ಮನೆಗೆ ಹೊರಡುವ ಮುಂಚೆ ನಿಮ್ಮ ಲಾಗಿನಿಂದ ಯಾವುದಾದರೂ ಒಂದು ಸಾಲು ತೆಗೆದು, ಆ ಕೋಡ್ ಬರೆಯದ ಸಹೋದ್ಯೋಗಿಯ ಮುಂದಿಡಿ. ಯಾವಾಗ, ಯಾವ ಕೋರಿಕೆಗೆ, ಏನಾಯಿತು, ಎಷ್ಟು ಹೊತ್ತು ಹಿಡಿಯಿತು ಎಂದು ಅವರು ನಿಮ್ಮನ್ನು ಕೇಳದೆ ಹೇಳಿದರೆ ನಿಮ್ಮ ಕೆಲಸ ಸರಿಯಾಗಿದೆ. ಹೇಳಲು ಬರದಿದ್ದರೆ ದಯವಿಟ್ಟು ನಾಳೆ ಬೆಳಿಗ್ಗೆ ಬೇರೆಲ್ಲ ಕೆಲಸಕ್ಕಿಂತ ಮೊದಲು ಆ ಕಾನ್ಫಿಗ್ ಫೈಲ್ ತೆರೆಯಿರಿ.